ಜೂನ್ ಒಂದರಂದು ಹುಟ್ಟಿದವರು

ಜೂನ್ ಒಂದನೇ ತಾರೀಖು ಬಂತೆಂದರೆ ನನಗೆ ಬೆಳಗಿನಿಂದಲೇ ಸಿಟ್ಟು. ಚಹಾ ಕುದಿಯುವ ಮೊದಲೇ ಮೊಬೈಲು ಕುಂಯ್ ಅನ್ನುತ್ತದೆ. ಬ್ಯಾಂಕಿನವರು ಹುಟ್ಟುಹಬ್ಬದ ಶುಭಾಶಯ ಕೋರಿರುತ್ತಾರೆ. ಆಮೇಲೆ ವಿಮೆಯವರು, ಗ್ಯಾಸಿನವರು, ಎಂದೋ ಒಮ್ಮೆ ಚಪ್ಪಲಿ ಕೊಂಡ ಅಂಗಡಿಯವರು. ಅಲ್ಲ ಮಾರಾಯರೇ, ನಾನು ಹುಟ್ಟಿದ್ದು ಜೂನ್ ಒಂದರಂದು ಅಲ್ಲವೇ ಅಲ್ಲ! ಎಳ್ಳ ಅಮಾವಾಸ್ಯೆಯ ದಿನ, ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು ಬೇವಿನ ಮರದ ಕೆಳಗೆ ಅಡ್ಡಾಗಿದ್ದಾಗ ನಮ್ಮವ್ವನಿಗೆ ಬೇನೆ ಕಾಣಿಸಿತಂತೆ. ಚಳಿಗಾಲದ ಕೂಸು ನಾನು. ನನಗೆ ಬಿಸಿಲಲ್ಲಿ ಹುಟ್ಟುಹಬ್ಬ ಹಚ್ಚಿಬಿಟ್ಟಿದ್ದಾರೆ.

ಆದದ್ದು ಇಷ್ಟು. ಅಕ್ಕಲಕೋಟೆಯ ಸಾಲೆಗೆ ನನ್ನ ಹೆಸರು ಹಚ್ಚಲು ಅಜ್ಜ ಕರೆದುಕೊಂಡು ಹೋಗಿದ್ದ. ಗುರುಗಳು ಹುಟ್ಟಿದ ತಾರೀಖು ಕೇಳಿದರು. ಅಜ್ಜ ಎದೆಯುಬ್ಬಿಸಿ "ಎಳ್ಳಮಾಸಿರಿ!" ಅಂದ.

"ಎಳ್ಳಮಾಸಿ ಬರಿಯಾಕ ಇದರಾಗ ಜಾಗಾ ಇಲ್ರಿ ಯಜಮಾನ್ರ. ತಾರೀಖು ಬೇಕು."

"ತಾರೀಖು ಯಾರಿಗೆ ಗೊತ್ತ್ರಿ?"

"ಹಂಗಾರ ಜೂನ್ ಒಂದು ಬರಕೋತೀನಿ. ನಡೀತೈತಿ."

ನಡೆಯಿತು. ನಡೆಯುತ್ತಲೇ ಇದೆ. ನನ್ನ ವರ್ಗದಲ್ಲಿ ಅರ್ಧಕ್ಕರ್ಧ ಮಂದಿ ಜೂನ್ ಒಂದರವರು. ಆ ದಿನ ಊರ ಸೂಲಗಿತ್ತಿಯ ಗತಿ ಏನಾಗಿರಬೇಕು ಎಂದು ದೊಡ್ಡವಳಾದ ಮೇಲೆ ನಕ್ಕಿದ್ದುಂಟು. ನಗು ಬೇರೆ, ಸಿಟ್ಟು ಬೇರೆ. ನಮ್ಮ ಗುರುಗಳು ಸುಳ್ಳು ಹೇಳುವ ಪೈಕಿ ಅಲ್ಲ, ದೇವರಂಥ ಮನುಷ್ಯ. ಅವರ ಮುಂದಿದ್ದ ದಾಖಲೆ ಪುಸ್ತಕದ ಆ ಖಾನೆ ಅವರ ಬಾಯಿಂದ ಸುಳ್ಳು ಹೊರಡಿಸಿತು. ತಾರೀಖೇ ಬೇಕು ಎಂದು ಹಟ ಹಿಡಿಯಿತು, 'ಗೊತ್ತಿಲ್ಲ' ಎಂಬ ಖರೆ ಉತ್ತರವನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಮುಂದೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆದುಕೊಂಡ ನಾನು ಜೀವಮಾನವಿಡೀ ಜಗಳಾಡಿದ್ದು ಇಂಥ ಖಾನೆಗಳ ಜೊತೆಗೇ.

ಜಗಳಗಂಟಿತನ ನನಗೆ ಅವ್ವನ ಅಡುಗೆಮನೆಯಿಂದ ಬಂದದ್ದಿರಬೇಕು. ಅಕ್ಕಲಕೋಟೆ ಅಂದರೆ ಯಾತ್ರಿಕರ ಊರು. ಗುರುವಾರ ಬಂತೆಂದರೆ ಸ್ವಾಮಿಗಳ ದರ್ಶನದ ನೆಪದಲ್ಲಿ ನೆಂಟರ ದಂಡು. ಯಾರು, ಎಷ್ಟು ಮಂದಿ, ಉಂಡು ಬಂದಿದ್ದಾರೋ ಹಸಿದು ಬಂದಿದ್ದಾರೋ, ಅವ್ವ ಒಂದೂ ಕೇಳುತ್ತಿರಲಿಲ್ಲ. ಸಾರಿಗೆ ಇನ್ನಷ್ಟು ನೀರು, ಹಂಚಿನ ಮೇಲೆ ಇನ್ನಷ್ಟು ಭಕ್ಕರಿ, ಮುಗಿಯಿತು. ಅವಳ ಡಬ್ಬಿಗಳೂ ಹಾಗೇ. ಯಾವ ಡಬ್ಬಿಯಲ್ಲಿ ಏನು ಎಂದು ಗೊತ್ತು ಮಾಡಿಟ್ಟದ್ದೇ ಇಲ್ಲ. ಈ ವಾರ ಸಕ್ಕರೆ ಇದ್ದ ಡಬ್ಬಿಯಲ್ಲಿ ಮುಂದಿನ ವಾರ ಶೇಂಗಾ ಹಿಂಡಿ, ಅದರ ಮುಂದಿನ ವಾರ ಉಪ್ಪು. ಮುಚ್ಚಳ ತೆಗೆದು ನೋಡಿ ಹಾಕುವುದು ಅವಳ ಪದ್ಧತಿ. ಒಮ್ಮೆ ಮಾತ್ರ ಅಪ್ಪನ ಕಚೇರಿಯ ಸಾಹೇಬರು ಬಂದಾಗ ಮುಚ್ಚಳ ತೆಗೆದವಳು ನಾನಾಗಿದ್ದರಿಂದ ಅವರಿಗೆ ಉಪ್ಪಿನ ಚಹಾ ಆಯಿತು. ಸಾಹೇಬರು ಒಳ್ಳೆಯವರು, ಅರ್ಧ ಕುಡಿದರು.

ಅದೇ ಸೊಲ್ಲಾಪುರದ ನಮ್ಮ ಸೋದರತ್ತೆಯ ಮನೆಗೆ ಬನ್ನಿ. ಪ್ರತಿ ಡಬ್ಬಿಗೂ ಚೀಟಿ. ಮೊದಲೇ ಹೇಳಿ ಕಳಿಸದೆ ಹೋದಿರೋ, ಬಾಗಿಲಲ್ಲೇ "ಊಟ ಆಗೇದನ?" ಎಂಬ ಪ್ರಶ್ನೆ. ಅವರ ಮನೆಯಲ್ಲಿ ಯಾರಿಗೂ ಉಪ್ಪಿನ ಚಹಾ ಆಗಿಲ್ಲ, ನಿಜ. ಆದರೆ ಹೇಳದೆ ಬಂದವರಿಗೆ ಯಾವ ಚಹಾವೂ ಆಗಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ, ಬಿ.ಎಸ್‌ಸಿ. ಮುಗಿಸಿ, ಇದೇ ಅತ್ತೆಯ ಮನೆಯಲ್ಲಿದ್ದುಕೊಂಡು ನವಿ ಪೇಠೆಯ ಒಂದು ಮಹಡಿಯ ಮೇಲಿನ ಕಂಪ್ಯೂಟರ್ ಕಚೇರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಲೀಕರು ಜೋಶಿ ಸರ್. ಎರಡು ಯಂತ್ರ, ಕರ್ರೋ ಎಂದು ಕಿರುಚುವ ಒಂದು ಪ್ರಿಂಟರು. ಚಾದರ ಕಾರಖಾನೆಗಳ ಪಗಾರ, ನೂಲಿನ ದಾಸ್ತಾನು ಇಂಥವಕ್ಕೆ ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆವು. ಮದುವೆಯ ಕಾಲ ಬಂದರೆ ಕಂಪ್ಯೂಟರ್ ಕುಂಡಲಿ. ಆಗ ಊರಿಗೆಲ್ಲ ಅದರ ಹುಚ್ಚು ಹಿಡಿದಿತ್ತು. ಹಣೆಗೆ ಗಂಧ ಹಚ್ಚಿದ ಭಟ್ಟರು ಹೇಳಿದರೆ ಅನುಮಾನ, ಅಂಚಿಗೆ ತೂತುಗಳಿದ್ದ ಉದ್ದ ಕಾಗದ ಹೇಳಿದರೆ ಬ್ರಹ್ಮಲಿಖಿತ. ನೀವು ಜಾತಕ ನಂಬುತ್ತೀರಾ ಎಂದು ಕೇಳಬೇಡಿ, ಆಗಲೂ ನಂಬುತ್ತಿರಲಿಲ್ಲ. ನಂಬದಿದ್ದರೂ ತಪ್ಪು ಲೆಕ್ಕ ಹಾಕಬಾರದಲ್ಲ.

ಫಾಕ್ಸ್‌ಪ್ರೊ ನನಗೆ ಅವ್ವನ ಅಡುಗೆಮನೆಯ ಹಾಗೆ ಹಿತವಾಗಿತ್ತು. ಅದರಲ್ಲಿ ಒಂದು ಡಬ್ಬಿಗೆ ಹೆಸರಿಟ್ಟು ಅದರೊಳಗೆ ಸಂಖ್ಯೆ ಇಡಿ, ಅಕ್ಷರ ಇಡಿ, ತಾರೀಖು ಇಡಿ, ತಕರಾರಿಲ್ಲ. ಒಳಗೇನಿದೆ ಎಂದು ಬೇಕಾದಾಗ ತೆರೆದು ನೋಡಿಕೊಂಡರಾಯಿತು. ಬೇರೆ ಭಾಷೆಗಳು ಹಾಗಲ್ಲ. ಇದರಲ್ಲಿ ಸಂಖ್ಯೆ ಮಾತ್ರ ಎಂದು ಮೊದಲೇ ಬರೆದುಕೊಟ್ಟು ಕೊನೆತನಕ ಅದಕ್ಕೆ ಕಟ್ಟುಬೀಳಬೇಕು.

ಕುಂಡಲಿಯಲ್ಲಿ ವಧೂವರರ ಗುಣ ಕೂಡಿಸುವ ಭಾಗವನ್ನು ಬರೆದವಳು ನಾನೇ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಹುಟ್ಟಿದ ದಿನ, ವೇಳೆ ಗೊತ್ತಿದ್ದರೆ ಅದರ ಮೇಲಿಂದ ನಕ್ಷತ್ರ ಹಿಡಿಯುತ್ತಾರೆ. ಗೊತ್ತಿಲ್ಲದಿದ್ದರೆ ಹೆಸರಿನ ಮೊದಲ ಅಕ್ಷರದ ಮೇಲಿಂದ. ಒಂದೇ ಕಟ್ಟಳೆ: ನೋಡಿದರೆ ಇಬ್ಬರದೂ ಹುಟ್ಟಿನ ಮೇಲೆ, ಇಲ್ಲವೇ ಇಬ್ಬರದೂ ಹೆಸರಿನ ಮೇಲೆ. ಒಬ್ಬರದು ಹೀಗೆ, ಒಬ್ಬರದು ಹಾಗೆ ಬೆರಸಬಾರದು. ನಾನು ಪ್ರೋಗ್ರಾಮನ್ನೂ ಹಾಗೇ ಬರೆದೆ. ಸಂಖ್ಯೆ ಬಂತೋ, ಅದು ವೇಳೆ. ಅಕ್ಷರ ಬಂತೋ, ಅದು ಹೆಸರು. ಒಬ್ಬರದು ಹೆಸರಾದರೆ ಇನ್ನೊಬ್ಬರದನ್ನೂ ಹೆಸರಿಗೇ ತಿರುಗಿಸು. ಏನೂ ಬಾರದಿದ್ದರೆ 'ಗೊತ್ತಿಲ್ಲ' ಎಂದು ನೆಟ್ಟಗೆ ಹೇಳು. ಸುತ್ತಿನ ಹಳ್ಳಿಗಳಿಂದ ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ಹುಟ್ಟಿದ ವೇಳೆ ಎಂದರೆ ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು. ಅವರನ್ನು ವಾಪಸ್ಸು ಕಳಿಸುವುದು ನನ್ನಿಂದ ಆಗದು.

ಹೀಗಿರುವಾಗ ಜೋಶಿ ಸರ್ ಒಂದು ದಿನ ಅವಸರದಲ್ಲಿ ವಧುವಿನ ಹೆಸರು ಹೊಡೆಯುವ ಕಡೆ ಅವಳು ಹುಟ್ಟಿದ ಊರನ್ನು ಹೊಡೆದರು. ನನ್ನ ಪ್ರೋಗ್ರಾಮು ಬಂದ ಅತಿಥಿಯನ್ನು ಏನೂ ಕೇಳದೆ ಒಳಗೆ ಕರೆದು ಕೂಡಿಸಿತು. ಪಂಢರಪುರದ ವರನಿಗೂ ಮುಂಬಯಿ ಮಹಾನಗರಕ್ಕೂ ಗುಣಗಳು ಬಹಳ ಚೆನ್ನಾಗಿ ಕೂಡಿಬಂದವು, ವಿವಾಹಕ್ಕೆ ಅಡ್ಡಿಯಿಲ್ಲ ಎಂದು ಅಚ್ಚಾಯಿತು. ವರನ ಅಪ್ಪ ಕಾಗದ ಕಣ್ಣಿಗೊತ್ತಿಕೊಂಡು ಹೊರಟೂ ಬಿಟ್ಟ. ತಪ್ಪು ತಿಳಿದು ಜೋಶಿ ಸರ್ ಮೆಟ್ಟಿಲಿಳಿದು, ಧೋತರದ ಚುಂಗು ಹಿಡಿದುಕೊಂಡು ಪೇಠೆಯ ತುಂಬ ಓಡಿದರು. ನಾನು ಕಿಟಕಿಯಲ್ಲಿ ನಿಂತು ನಕ್ಕೆ. ನಗಬಾರದಿತ್ತು.

ಏಕೆಂದರೆ ಆ ಓಟ ಮುಗಿಸಿದವರೇ ಪುಣೆಗೆ ಒಂದು ಕೋರ್ಸಿಗೆ ಹೋದರು. ಹೊಸ ಕಂಪ್ಯೂಟರ್ ಭಾಷೆ ಕಲಿತು ಬಂದರು. ಬರುವಾಗ 'ಕರಾರು' ಎಂಬ ಭೂತವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು.

"ಸುಮನ್, ಇನ್ನ ಮುಂದ ಪ್ರೋಗ್ರಾಮಿನ ಪ್ರತಿಯೊಂದು ಪ್ರೊಸೀಜರಿಗೂ ಕರಾರ್ ಇರಬೇಕು. ಏನು ಒಳಗ ಬರತದ, ಏನು ಹೊರಗ ಹೋಗತದ, ಮೊದಲ ಬರದು ಕೊಡಬೇಕು. ಅದರ ಆಚೆ ಒಂದು ಅಕ್ಷರ ಒಳಗ ಬಿಡಬಾರದು."

"ಫಾಕ್ಸ್‌ಪ್ರೊ ಭಾಷಾನ ಇದನ್ನ ಕೇಳಂಗಿಲ್ರಿ ಸರ್. ನೀವ್ಯಾಕ ಕೇಳತೀರಿ?"

"ಭಾಷಾ ಕೇಳಂಗಿಲ್ಲ ಅಂತನ ನಾ ಕೇಳಲಿಕ್ಕತ್ತೀನಿ. ನಾಳೆ ನೀ ಲಗ್ನಾ ಮಾಡಕೊಂಡು ಹೋದಿ ಅಂದ್ರ ಈ ನಿನ್ನ ಗೋಜಲು ಬಿಡಿಸಿ ಓದವರು ಯಾರವಾ?"

ನೋಡಿ, ಅದರಲ್ಲಿ ಒಂದು ನ್ಯಾಯ ಇತ್ತು. ನಾನು ಬರೆದದ್ದನ್ನು ನನ್ನ ಹೊರತು ಯಾರಿಗೂ ಮುಟ್ಟಲಾಗುತ್ತಿರಲಿಲ್ಲ. ಅವ್ವ ಊರಿಗೆ ಹೋದಾಗ ಅವಳ ಡಬ್ಬಿಗಳ ಮುಂದೆ ನಾವೆಲ್ಲ ಕಣ್ಣು ಕಣ್ಣು ಬಿಟ್ಟು ನಿಲ್ಲುತ್ತಿದ್ದೆವಲ್ಲ, ಹಾಗೆ. ಆದರೆ ಅದನ್ನು ಹೇಳಲು ನನ್ನ ಲಗ್ನವನ್ನು ಯಾಕೆ ಎಳೆದು ತಂದರು? ನನ್ನ ಮೈಯೆಲ್ಲ ಉರಿಯಿತು. ಉರಿದರೇನು, ಮಾಲೀಕರು ಅವರು. ಹೆಸರಿನ ದಾರಿ ಮುಚ್ಚಿಸಿದರು, 'ಗೊತ್ತಿಲ್ಲ' ಎನ್ನುವುದನ್ನು ಅಳಿಸಿದರು. ವೇಳೆ ಅಂದರೆ ಸಂಖ್ಯೆ. ಸಂಖ್ಯೆ ಹೊಡೆಯುವ ತನಕ ಪರದೆ ಅಲುಗದು. ಹಳೆಯದನ್ನು ನಾನು ಒಂದು ಫ್ಲಾಪಿಯಲ್ಲಿ ತೆಗೆದಿಟ್ಟು ಮುಖ ಊದಿಸಿಕೊಂಡು ಕೂತೆ.

ಆ ಬೇಸಿಗೆಯಲ್ಲೇ ಸರೋಜಾಳಿಗೆ ವರ ಗೊತ್ತಾಗುವುದರಲ್ಲಿತ್ತು. ಸರೋಜಾ ನಮ್ಮ ನಾಗಣಸೂರಿನ ಕಾಕಾನ, ಅಂದರೆ ಚಿಕ್ಕಪ್ಪನ ಮಗಳು, ನನಗಿಂತ ಸಣ್ಣವಳು. ಹನ್ನೆರಡನೆಯ ತರಗತಿ ಪಾಸಾಗಿ ಊರ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಮಂದ್ರೂಪದ ಈರಣ್ಣಗೌಡರ ಮಗ ಮಹಾದೇವ ನೋಡಿಹೋಗಿದ್ದ. ಕಬ್ಬಿನ ಹೊಲ, ಒಳ್ಳೆಯ ಮನೆತನ. ಅದಕ್ಕಿಂತ ದೊಡ್ಡ ಮಾತೆಂದರೆ ಸರೋಜಾಳ ಮನಸ್ಸು ಅಲ್ಲಿ ನಿಂತಿತ್ತು. "ಛಲೋ ನಗತಾನಕ್ಕಾ, ಬಾಯಿ ಮುಚ್ಚಗೊಂಡು ನಗಂಗಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದವಳು ನಾಚಿಕೊಂಡು ಓಡಿಹೋಗಿದ್ದಳು. ಅವಳು ಹಾಗೆ ನಾಚಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಇನ್ನು ಅರಿಷಿಣ ಕುಟ್ಟುವುದೊಂದೇ ಬಾಕಿ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ಮಧ್ಯಾಹ್ನ ಕಾಕಾ ಕಚೇರಿಯ ಮೆಟ್ಟಿಲೇರಿ ಬಂದ. ಎಂದೂ ಬಂದವನಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು, ನನ್ನ ಮುಂದೆ ಒಂದು ಕಾಗದ ಇಟ್ಟ.

"ಸುಮಾ, ಇದು ನಿಮ್ಮ ಕಚೇರಿ ಕಾಗದಾನ ಏನವಾ? ಗೌಡ್ರು ಕಳಿಸ್ಯಾರ. ಏಕನಾಡಿ ಬಂದೈತಂತ. ಬ್ಯಾಡ ಅಂದ್ರು."

ಜಾತಕದಲ್ಲಿ ಇಬ್ಬರ ನಾಡಿಯೂ ಒಂದೇ, ಏಕನಾಡಿ, ಎಂದರೆ ನಮ್ಮಲ್ಲಿ ಮುಗಿದ ಮಾತು. ಸೋಬಾನೆ ಹಾಡುವ ಬಾಯಿಗಳೆಲ್ಲ ಅಲ್ಲೇ ಮುಚ್ಚುತ್ತವೆ. ಕಾಗದ ನಮ್ಮದೇ. ನಾನು ರಜೆಯಲ್ಲಿದ್ದ ಗುರುವಾರ ಗೌಡರು ಬಂದು ಮಾಡಿಸಿಕೊಂಡು ಹೋಗಿದ್ದರು, ಜೋಶಿ ಸರ್ ಕೈಯಾರೆ ಮಾಡಿಕೊಟ್ಟಿದ್ದರು. ಕಣ್ಣಾಡಿಸಿದೆ. ಸರೋಜಾ ಹುಟ್ಟಿದ ತಾರೀಖು, ಜೂನ್ ಒಂದು. ಹುಟ್ಟಿದ ವೇಳೆ, ಹನ್ನೆರಡು ಗಂಟೆ. ಸರೋಜಾ ನಾಗರ ಪಂಚಮಿಯ ಮರುದಿನ ಹುಟ್ಟಿದವಳೆಂದು ನಾಗಣಸೂರಿನ ಕಲ್ಲಿಗೂ ಗೊತ್ತು. ವೇಳೆ ಮಾತ್ರ ಯಾರಿಗೂ ಗೊತ್ತಿಲ್ಲ. ಹುಡುಗಿ ಕಲಿತವಳು ಎಂದು ತೋರಿಸಲು ಕಾಕಾ ಸಾಲೆಯ ದಾಖಲೆಯ ಪ್ರತಿಯೊಂದನ್ನು ಗೌಡರಿಗೆ ಕೊಟ್ಟಿದ್ದ. ಗೌಡರು ಅದನ್ನೇ ಜೋಶಿ ಸರ್ ಮುಂದೆ ಇಟ್ಟಿದ್ದರು.

ನಾನು ಕಾಗದ ಹಿಡಿದು ಜೋಶಿ ಸರ್ ಮೇಜಿಗೆ ಹೋದೆ. ಹೋದೆ ಅನ್ನುವುದಕ್ಕಿಂತ ಹಾರಿದೆ ಅಂದರೆ ಸರಿ.

"ಸರ್, ಈ ಜೂನ್ ಒಂದು ಎಲ್ಲಿಂದ ಬಂತ್ರಿ?"

"ದಾಖಲಾದೊಳಗ ಅದ."

"ದಾಖಲಾದಾಗ ಊರ ಮಂದಿದೆಲ್ಲಾ ಜೂನ್ ಒಂದ ಇರತೈತ್ರಿ! ನಂದೂ ಜೂನ್ ಒಂದ! ನೀವು ಇದ ಊರಾಗ ಹುಟ್ಟಿ ಬೆಳದವರು, ಅಷ್ಟು ತಿಳೀಲಿಲ್ಲೇನ್ರಿ? ಮತ್ತ ಈ ಹನ್ನೆರಡು ಗಂಟೆ?"

ಜೋಶಿ ಸರ್ ಕನ್ನಡಕ ತೆಗೆದು ಒರೆಸಿದರು. "ಅವರಿಗೆ ವೇಳೆ ಗೊತ್ತಿರಲಿಲ್ಲ. ಖಾಲಿ ಬಿಟ್ರ ಪ್ರೋಗ್ರಾಮ್ ಮುಂದ ಹೋಗೂದಿಲ್ಲ. ಅದಕ್ಕ ಹನ್ನೆರಡು ಹೊಡದೆ."

"ಸುಳ್ಳು ಹೊಡದ್ರಿ!"

"ಸುಳ್ಳು ಹೆಂಗ ಆಗತದ? ಕರಾರಿನ ಪ್ರಕಾರ ನಂಬರ್ ಬೇಕಿತ್ತು. ನಂಬರ್ ಕೊಟ್ಟೀನಿ. ಅದು ಖರೆ ಅದನೋ ಖೊಟ್ಟಿ ಅದನೋ ನೋಡೋದು ಕರಾರಿನೊಳಗಿಲ್ಲ."

ಇಷ್ಟು ವರ್ಷವಾಯಿತು, ಆ ಮಾತು ನೆನೆದರೆ ಈಗಲೂ ಒಬ್ಬಳೇ ಕೂತು ಜಗಳಾಡುತ್ತೇನೆ. ಸಂಖ್ಯೆ ಸಂಖ್ಯೆಯೇ ಆಗಿದೆಯೋ ಎಂದು ಹದ್ದಿನ ಕಣ್ಣಿಟ್ಟು ಕಾಯುತ್ತೀರಿ. ಆ ಸಂಖ್ಯೆ ಒಂದು ಹುಡುಗಿಯ ಹೆಸರಲ್ಲಿ ಕಟ್ಟಿದ ಸುಳ್ಳು ಅನ್ನುವುದಕ್ಕೆ ನಿಮಗೆ ಕಣ್ಣೇ ಇಲ್ಲ! ಅಕ್ಷರ ಬಂದರೆ ತಪ್ಪು, ಖಾಲಿ ಬಂದರೆ ತಪ್ಪು, ಠಾಕುಠೀಕಾಗಿ ಅಂಗಿ ತೊಟ್ಟುಕೊಂಡು ಸುಳ್ಳು ಬಂದರೆ ಬರ್ರಿ ಕೂಡ್ರಿ. ನನ್ನ ಗೋಜಲು ಪ್ರೋಗ್ರಾಮು ಮುಂಬಯಿಗೆ ಮದುವೆ ಮಾಡಿಸಹೊರಟಿತ್ತು, ಒಪ್ಪಿದೆ. ಅದನ್ನು ನೋಡಿ ನಗಬಹುದಿತ್ತು, ಓಡಿಹೋಗಿ ಕಾಗದ ವಾಪಸ್ಸು ತರಬಹುದಿತ್ತು. ಇದನ್ನು ಯಾರು ತಂದಾರು? ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದನ್ನೆಲ್ಲ ಅವತ್ತು ಇಷ್ಟು ನೇರವಾಗಿ ಹೇಳಲಿಲ್ಲ, ಕೂಗಾಡಿದೆ. ಕೆಳಗಿನ ಚಾದರದ ಅಂಗಡಿಯವರು ಮೇಲೆ ಬಂದು ಏನಾಯಿತೆಂದು ಮರಾಠಿಯಲ್ಲಿ ಕೇಳಿಹೋಗುವಷ್ಟು ಕೂಗಾಡಿದೆ. ಕಾಕಾ ನನ್ನ ಜಗಳದ ತಲೆಬುಡ ತಿಳಿಯದೆ "ಹೋಗಲಿ ಬಿಡವಾ, ಸಾಹೇಬ್ರಿಗೆ ಹಂಗ ಅನಬಾರದು" ಎಂದು ಸೆರಗು ಜಗ್ಗಿದ. ಕೊನೆಗೆ ಜೋಶಿ ಸರ್ ಎದ್ದು ಯಂತ್ರ ಬಿಟ್ಟುಕೊಟ್ಟರು. ನಾನು ಹಳೆಯ ಫ್ಲಾಪಿ ಹಾಕಿದೆ. ಸರೋಜಾ, ಅಕ್ಷರ. ಮಹಾದೇವನದಕ್ಕೆ ವೇಳೆ ಇದ್ದರೂ ಕಟ್ಟಳೆಯಂತೆ ಅವನದೂ ಹೆಸರು. ಪ್ರಿಂಟರು ಕರ್ರೋ ಎಂದು ಕಿರುಚಿ ಹೊರಗೆ ಹಾಕಿತು: ನಾಡಿ ಬೇರೆ ಬೇರೆ. ಗುಣಗಳು ಕೂಡಿವೆ. ನನ್ನ ಪ್ರೋಗ್ರಾಮು ಗೆದ್ದಿತ್ತು. ಜೋಶಿ ಸರ್ ಕಡೆ ನಾನು ನೋಡಿದ ರೀತಿಗೆ ಇನ್ನೊಬ್ಬ ಮಾಲೀಕರಾಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಮರುದಿನ ಕಾಕಾನನ್ನು ಕರೆದುಕೊಂಡು ಎಸ್‌ಟಿ ಬಸ್ಸು ಹಿಡಿದು ಮಂದ್ರೂಪಕ್ಕೆ ಹೋದೆ. ಈರಣ್ಣಗೌಡರು ಎರಡೂ ಕಾಗದಗಳನ್ನು ಮಂಚದ ಮೇಲೆ ಜೋಡಿಸಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಅಲ್ಲವಾ, ಕಂಪ್ಯೂಟರ್ ತಪ್ಪು ಮಾಡತೈತೇನು?"

"ಕಂಪ್ಯೂಟರ್ ಮಾಡಿಲ್ರಿ ಗೌಡ್ರ. ಗೊತ್ತಿಲ್ಲ ಅಂತ ಹೇಳಾಕ ಅದಕ್ಕ ಬಾಯಿ ಇರಲಿಲ್ಲ. ವೇಳೆ ಗೊತ್ತಿರದಿದ್ರ ಹೆಂಗ ನೋಡತಾರ, ನೀವ ಹೇಳ್ರಿ."

"ಹೆಸರಿನ ಮ್ಯಾಲ ನೋಡತಾರ. ಇಬ್ಬರದೂ ಹೆಸರಿನ ಮ್ಯಾಲ."

"ಈ ಎರಡನೇ ಕಾಗದ ಹಂಗ ನೋಡಿದ್ದು ರೀ."

ಗೌಡರು ದೊಡ್ಡ ಮನುಷ್ಯ, ಹಟ ಮಾಡಲಿಲ್ಲ. "ಹಂಗಾರ ನಮ್ಮದೇನು ತಕರಾರಿಲ್ಲ. ಬರೋ ಸೋಮವಾರ ಸಕ್ಕರಿ ಹಂಚಿ ಗಟ್ಟಿ ಮಾಡೂಣು" ಅಂದುಬಿಟ್ಟರು. ಬಾಗಿಲಿಗೆ ಒರಗಿ ನಿಂತಿದ್ದ ಮಹಾದೇವ ನಕ್ಕ. ನಿಜವಾಗಿಯೂ ಬಾಯಿ ತುಂಬ ನಗುತ್ತಿದ್ದ ಹುಡುಗ. ಕಾಕಾನ ಕಣ್ಣಲ್ಲಿ ನೀರು. ನಾನಂತೂ ಬಸ್ಸಿನಲ್ಲಿ ಸೀಟು ಸಿಗದೆ ನಿಂತು ಬಂದರೂ ಕಾಲು ನೆಲಕ್ಕೆ ತಾಗಿದ್ದು ಗೊತ್ತಾಗಲಿಲ್ಲ.

ನಾಗಣಸೂರು ಮುಟ್ಟಿದಾಗ ಸರೋಜಾ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ನಾನು ನಿಂತಲ್ಲಿಂದಲೇ ಎಲ್ಲ ಹೇಳಿದೆ, ಜೋಶಿ ಸರ್ ಹೇಗೆ ಯಂತ್ರ ಬಿಟ್ಟುಕೊಟ್ಟರು, ಪ್ರಿಂಟರು ಏನು ಹೊಡೆಯಿತು, ಗೌಡರು ಏನಂದರು. ಅವಳು ಕಾಗದ ತೆಗೆದುಕೊಂಡು ಕೊನೆತನಕ ಓದಿದಳು.

"ಅವ ಏನಂದಾ ಅಕ್ಕಾ?"

"ಯಾರು, ಮಹಾದೇವನಾ? ಅವ ಏನನಬೇಕು? ನಕ್ಕ."

"ಮೊದಲನೇ ಕಾಗದ ಬಂದಾಗ ಏನಂದಿದ್ನಂತ?"

ಅದು ನನಗೆ ಗೊತ್ತಿರಲಿಲ್ಲ. ಕಾಕಾನನ್ನು ನೋಡಿದೆ, ಅವನು ಟೊಪ್ಪಿಗೆ ಸರಿಮಾಡಿಕೊಂಡ. ಸರೋಜಾ ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟಳು.

"ನಾ ವಲ್ಲೆ ಅಕ್ಕಾ. ಒಂದು ಕಾಗದ ಬ್ಯಾಡ ಅಂದ್ರ ಬಿಟ್ರು, ಇನ್ನೊಂದು ಹೂಂ ಅಂದ್ರ ಬಂದ್ರು. ನಾಳೆ ಮೂರನೇದು ಬಂದ್ರ ನಾ ಎಲ್ಲಿಗೆ ಹೋಗಲಿ?"

ಸರೋಜಾಳ ಅವ್ವ, ನಮ್ಮ ಕಾಕು, ಒಳಗಿನಿಂದ ಓಡಿಬಂದು ಹಣೆ ಹಣೆ ಬಡಿದುಕೊಂಡಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಏ ಹುಚ್ಚಿ, ನಿನ್ನ ಸಲುವಾಗಿ ನಾ ಮಾಲಕರ ಕೂಡ ಅಷ್ಟು ಜಗಳಾಡೀನಿ! ನೌಕರಿ ಹೋಗೋದು ಒಂದ ಬಾಕಿ ಇತ್ತು!"

ಸರೋಜಾ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಅವಳ ದನಿಯಲ್ಲಿ ನನ್ನ ಹಾಗೆ ಸಿಟ್ಟಿರಲಿಲ್ಲ.

"ನೀ ಜಗಳಾಡಿದ್ದು ನಿನ್ನ ಪ್ರೋಗ್ರಾಮಿನ ಸಲುವಾಗಿ ಅಕ್ಕಾ. ನನ್ನ ಸಲುವಾಗಿ ಆಗಿದ್ರ, ಮಂದ್ರೂಪಕ್ಕ ಹೋಗೋಕಿಂತ ಮೊದಲ ನನ್ನ ಕೇಳತಿದ್ದಿ."

ಅಷ್ಟು ಸಿಟ್ಟು ನನಗೆ ಜೋಶಿ ಸರ್ ಮೇಲೂ ಬಂದಿರಲಿಲ್ಲ. ಅವರ ಮಾತಿಗಾದರೆ ನನ್ನ ಹತ್ತಿರ ಉತ್ತರವಿತ್ತು.